ಎರೆ ಹೊಲದಿಂದ ಅಣಶಿಯವರೆಗೆ: ವಿಜಯಪುರ, ಬಾಗಲಕೋಟೆ, ಬೆಳಗಾವಿ ದಾಟಿ ಹೋಗುವ ಕಾಡಿನ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯವರಿಗೆ ಕಾಡು ಅಂದ್ರೆ ಬಂಡೀಪುರ, ನಾಗರಹೊಳೆ. ರಾಜ್ಯದ ಇನ್ನೊಂದು ತುದಿಯ ಮಾತು. ಆದರೆ ವಿಜಯಪುರದಿಂದ ಕಾರು ಹತ್ತಿ ಪಶ್ಚಿಮಕ್ಕೆ ಹೊರಟರೆ ಒಂದೇ ಪ್ರವಾಸದಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆ ಓಡಾಡುವ ಕುರುಚಲು ಗುಡ್ಡ, ವಲಸೆ ಹಕ್ಕಿಗಳ ಹಿನ್ನೀರು, ಅಪರೂಪದ ಬಾವಲಿಯ ಗವಿ ಇರುವ ಕಾಡು, ಆಮೇಲೆ ಎರಡು ರಾಷ್ಟ್ರೀಯ ಉದ್ಯಾನ ಸಿಗುತ್ತವೆ. ಈ ದಾರಿಯನ್ನು ಇಡಿಯಾಗಿ ಒಂದೇ ಸಲ ಹೋಗುವವರು ಕಡಿಮೆ. ಹೋಗಬೇಕು ಅನ್ನುವುದೇ ನನ್ನ ಒತ್ತಾಯ.

ಒಂದು ಮಾತು ಮೊದಲೇ ಹೇಳುತ್ತೇನೆ. ಈ ಪ್ರವಾಸವನ್ನು ಪೂರ್ವದಿಂದ ಪಶ್ಚಿಮಕ್ಕೇ ಮಾಡಿ. ದಾಂಡೇಲಿಯಿಂದ ಶುರು ಮಾಡಿ ಬಾಗಲಕೋಟೆ ಕಡೆ ಇಳಿದರೆ ದಟ್ಟ ಹಸಿರು ನೋಡಿದ ಕಣ್ಣಿಗೆ ನಮ್ಮ ಬಯಲು ಬರಿದಾಗಿ ಕಾಣುತ್ತದೆ. ಬಯಲಿನಿಂದ ಶುರು ಮಾಡಿದರೆ ನೀವು ನೀರಿಗೆ ಎದುರಾಗಿ ಹೋಗುತ್ತೀರಿ. ಆಲಮಟ್ಟಿಯ ಮೇಲ್ಗಡೆ ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಘಟಪ್ರಭೆ ಸೇರುತ್ತಾಳೆ. ಕೆಳಗಡೆ ಕೂಡಲಸಂಗಮದಲ್ಲಿ ಮಲಪ್ರಭೆ ಸೇರುತ್ತಾಳೆ. ಮೂರೂ ನದಿ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ನಾವು ಬಯಲಿನವರು ಕುಡಿಯುವ ನೀರು ಯಾವ ಕಾಡಿನಿಂದ ಬರುತ್ತದೆ, ಆ ಕಾಡು ಇಲ್ಲಿಯತನಕ ಹೇಗೆ ಉಳಿಯಿತು, ಯಾರು ಏನು ಬಿಟ್ಟುಕೊಟ್ಟರು? ಇದನ್ನು ತಿಳಿಯುವುದಕ್ಕೇ ಈ ದಾರಿ. ಹುಲಿ ಕಂಡರೆ ಅದು ಹೆಚ್ಚಿನ ಲಾಭ.

ಯಾವಾಗ ಹೊರಡಬೇಕು

ನವೆಂಬರ್ ಕೊನೆಯಿಂದ ಫೆಬ್ರುವರಿ ಮಧ್ಯದವರೆಗೆ. ವಲಸೆ ಹಕ್ಕಿಗಳು ಆಗ ನಮ್ಮ ಕೆರೆ, ಹಿನ್ನೀರುಗಳಲ್ಲಿರುತ್ತವೆ. ಘಟ್ಟದ ರಸ್ತೆಗಳು ಒಣಗಿರುತ್ತವೆ. ಬಾಗಲಕೋಟೆಯ ಬಿಸಿಲೂ ತಡೆಯುವಂತಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ದಾಂಡೇಲಿ, ಅಣಶಿ ಸುತ್ತಿನ ಕಾಳಿ ಕಾಡಿನಲ್ಲಿ ಪ್ರಾಣಿಗಳು ನೀರಿನ ಹತ್ತಿರ ಬರುವುದರಿಂದ ಕಾಣುವುದು ಜಾಸ್ತಿ. ಆದರೆ ಬಾಗಲಕೋಟೆ ಕಡೆಯ ಚಿಂಕಾರ ಧಾಮ ಯಡಹಳ್ಳಿಯಲ್ಲಿ ಆಗ ಹತ್ತು ಗಂಟೆಯ ಮೇಲೆ ನಿಲ್ಲಲಾಗದು. ಮಳೆಗಾಲದಲ್ಲಿ ಈ ಪ್ರವಾಸ ಬೇಡ. ಖಾನಾಪುರ, ಜೋಯಿಡಾ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಸಫಾರಿ, ಚಾರಣ ಎಲ್ಲ ಸಾಮಾನ್ಯವಾಗಿ ಬಂದ್ ಇರುತ್ತವೆ.

ಬೆಳಗಾವಿಗೆ ವಾಪಸ್ ಬರುವತನಕ ಒಟ್ಟು ಆರು ದಿನ ಇಟ್ಟುಕೊಳ್ಳಿ. ನಾಲ್ಕು ದಿನದಲ್ಲಿ ಮುಗಿಸುವವರೂ ಇದ್ದಾರೆ. ಆದರೆ ಹಾಗೆ ಹೋದರೆ ರಸ್ತೆ ನೋಡಿದಂತಾಗುತ್ತದೆ, ಕಾಡು ನೋಡಿದಂತಾಗುವುದಿಲ್ಲ.

ಹೊರಡುವ ಮುಂಚಿನ ಕೆಲಸ

ಮೊದಲು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸಫಾರಿ ಮತ್ತು ವಸತಿ ಕಾಯ್ದಿರಿಸಿ. ಉಳಿದದ್ದನ್ನೆಲ್ಲ ಆ ದಿನಾಂಕಕ್ಕೆ ಹೊಂದಿಸಿಕೊಳ್ಳಿ. ವಾರಾಂತ್ಯಗಳಲ್ಲಿ ಗೋವಾ, ಹುಬ್ಬಳ್ಳಿ, ಬೆಂಗಳೂರಿನಿಂದ ದಾಂಡೇಲಿಗೆ ಜನ ನುಗ್ಗುತ್ತಾರೆ. ಹಾಗಾಗಿ ದಾಂಡೇಲಿಯ ರಾತ್ರಿಗಳು ಸೋಮವಾರದಿಂದ ಗುರುವಾರದ ಒಳಗೆ ಬರುವಂತೆ ಲೆಕ್ಕ ಹಾಕಿ. ಎರಡನೆಯದಾಗಿ ಖಾನಾಪುರ ಕಡೆಯ ಭೀಮಗಡ ವನ್ಯಜೀವಿಧಾಮದ ಹೆಮ್ಮಡಗಾದಲ್ಲಿ ಒಂದು ರಾತ್ರಿಗೆ ವಿಚಾರಿಸಿ. ಯಡಹಳ್ಳಿಗೆ ಹೋಗುವ ಮೊದಲು ಬಾಗಲಕೋಟೆ ಅಥವಾ ಬೀಳಗಿಯ ಅರಣ್ಯ ಕಚೇರಿಯಲ್ಲಿ ಅನುಮತಿ ಕೇಳಿ. ಅಲ್ಲಿ ಪ್ರವಾಸಿ ವ್ಯವಸ್ಥೆ ಬಂಡೀಪುರದಂತೆ ಇಲ್ಲ. ಸುಮ್ನೆ ಗಾಡಿ ತಿರುಗಿಸಿ ಒಳಗೆ ಹೋಗುವುದು ತಪ್ಪು.

ಗಾಡಿ ದೊಡ್ಡದೇ ಆಗಬೇಕೆಂದಿಲ್ಲ. ಟೈರು, ಬ್ರೇಕು ಚೆನ್ನಾಗಿದ್ದರೆ ಸಣ್ಣ ಕಾರೂ ಸಾಕು. ಬೆಳಗಾವಿಯಲ್ಲಿ ಒಂದು ಸಲ, ದಾಂಡೇಲಿಯಲ್ಲಿ ಇನ್ನೊಂದು ಸಲ ಟ್ಯಾಂಕ್ ತುಂಬಿಸಿ. ಜೋಯಿಡಾ ದಾಟಿದ ಮೇಲೆ ಪೆಟ್ರೋಲ್ ಬಂಕಿನ ಭರವಸೆ ಇಟ್ಟುಕೊಳ್ಳಬೇಡಿ. ಮೊಬೈಲ್ ಸಿಗ್ನಲ್ಲೂ ಅಷ್ಟೆ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. 8x42 ಬೈನಾಕ್ಯುಲರ್ ಒಂದಿದ್ದರೆ ಇಡೀ ಮನೆಮಂದಿಗೆ ಸಾಕು. ಕ್ಯಾಮೆರಾಕ್ಕಿಂತ ಅದು ಮುಖ್ಯ ಅಂತ ನನಗನಿಸುತ್ತದೆ.

ಬಟ್ಟೆಯ ವಿಷಯದಲ್ಲಿ ಒಂದು ಎಚ್ಚರ. ಘಟ್ಟದ ಕಾಡಿನಲ್ಲಿ ಉಣುಗು ಇರುತ್ತವೆ. ಮಂಗನ ಕಾಯಿಲೆ ಹರಡುವುದು ಉಣುಗಿನ ಕಡಿತದಿಂದಲೇ. ಚಳಿಗಾಲದ ಕೊನೆಯಿಂದ ಬೇಸಿಗೆಯತನಕ ಅದರ ಕಾಟ ಜಾಸ್ತಿ. ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ, ಸಂಜೆ ಬಂದ ಕೂಡಲೇ ಬಿಸಿನೀರ ಸ್ನಾನ. ಮಕ್ಕಳ ಕಿವಿ ಹಿಂದೆ, ಮೊಣಕಾಲ ಸಂದಿಯಲ್ಲಿ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು. ಇವು ಕೆಡುವುದಿಲ್ಲ, ಪ್ಲಾಸ್ಟಿಕ್ ಕಸವೂ ಆಗುವುದಿಲ್ಲ.

ಯಾವ ಕಾಡಿಗೆ ಯಾವ ನಿಯಮ

ಇದನ್ನು ತಿಳಿದುಕೊಂಡು ಹೊರಟರೆ ದಾರಿಯಲ್ಲಿ ಕಾಣುವ ಫಲಕಗಳಿಗೆ ಅರ್ಥ ಬರುತ್ತದೆ. ಎಲ್ಲದರ ಬುಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದಕ್ಕೂ ಮೊದಲು ಬೇಟೆಗೆ ಲೈಸೆನ್ಸ್ ಸಿಗುತ್ತಿತ್ತು. ವನ್ಯಜೀವಿಧಾಮದಲ್ಲಿ ಜನರ ಕೆಲವು ಹಕ್ಕುಗಳು ಮುಂದುವರಿಯಬಹುದು. ಹಳ್ಳಿ ಇರಬಹುದು, ಅನುಮತಿ ಇದ್ದರೆ ದನ ಮೇಯಬಹುದು. ರಾಷ್ಟ್ರೀಯ ಉದ್ಯಾನದಲ್ಲಿ ಮೇಯಿಸುವಂತಿಲ್ಲ, ಒಳಗಿನ ಖಾಸಗಿ ಹಕ್ಕುಗಳನ್ನೂ ತೀರಿಸಬೇಕು. ಹುಲಿ ಸಂರಕ್ಷಿತ ಪ್ರದೇಶ ಅನ್ನುವುದಕ್ಕೆ ಕಾಯ್ದೆಯ ಬಲ ಬಂದಿದ್ದು 2006ರ ತಿದ್ದುಪಡಿಯಿಂದ. ನಡುವೆ ಕೋರ್, ಸುತ್ತ ಬಫರ್. ಅದೇ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆಯೂ ಬಂತು. ಕಾಡಿನಲ್ಲಿ ತಲೆಮಾರುಗಳಿಂದ ಇರುವವರ ಹಕ್ಕನ್ನು ಅದು ಒಪ್ಪುತ್ತದೆ. ಈ ಎರಡು ಕಾಯ್ದೆಗಳ ನಡುವಿನ ಜಗ್ಗಾಟವನ್ನು ಮೂರನೇ ದಿನದಿಂದ ನೀವು ಕಣ್ಣಾರೆ ನೋಡುತ್ತೀರಿ.

ಮೊದಲ ದಿನ: ವಿಜಯಪುರದಿಂದ ಆಲಮಟ್ಟಿ, ಬಾಗಲಕೋಟೆ

ಬೆಳಗಿನ ಆರಕ್ಕೆ ವಿಜಯಪುರ ಬಿಡಿ. ನಿಡಗುಂದಿ ತನಕ ಹೆದ್ದಾರಿ ಚೆನ್ನಾಗಿದೆ. ವಿಜಯಪುರ ರಾಜ್ಯದಲ್ಲೇ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ಒಂದು. ರಸ್ತೆಯ ಎರಡೂ ಕಡೆ ಕರಿ ಎರೆ ಮಣ್ಣು, ಜೋಳ, ಕಡಲೆ, ತೊಗರಿ. ಇಲ್ಲಿ ಏನೂ ಇಲ್ಲ ಅಂದುಕೊಂಡು ಮಲಗಬೇಡಿ. ಎರೆಭೂತ ಅನ್ನುವ ದೊಡ್ಡ ಹಕ್ಕಿಯ ಹೆಸರಲ್ಲೇ ಈ ಮಣ್ಣಿದೆ. ಈಗ ಅದು ಇಡೀ ದೇಶದಲ್ಲೇ ಅಳಿವಿನ ಅಂಚಿನಲ್ಲಿದೆ. ಬಯಲು ಸೀಮೆಯ ಹುಲ್ಲುಗಾವಲನ್ನು ನಾವು ಕಾಡು ಅಂತ ಎಣಿಸದೇ ಹೋದದ್ದೂ ಅದಕ್ಕೆ ಒಂದು ಕಾರಣ.

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಹಾಕಿದವರು ಲಾಲ್ ಬಹದ್ದೂರ್ ಶಾಸ್ತ್ರಿ. ಜಲಾಶಯಕ್ಕೆ ಅವರದೇ ಹೆಸರು. ಉದ್ಯಾನ, ಕಾರಂಜಿ ನೋಡಿಕೊಂಡು ವಾಪಸ್ ಬರುವುದು ವಾಡಿಕೆ. ನೀವು ಹಿನ್ನೀರಿನ ಕಡೆ ಹೋಗಿ. ನೀರು ಇಳಿದಂತೆ ಕೆಸರಿನ ದಂಡೆ ತೆರೆದುಕೊಳ್ಳುತ್ತದೆ. ಅಲ್ಲಿ ಫ್ಲೆಮಿಂಗೊ, ಬಾತು, ರೀವಗಳು ಇಳಿಯುತ್ತವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೂ ಚಳಿಗಾಲಕ್ಕೆ ಉತ್ತರ ಕರ್ನಾಟಕದ ಕೆರೆ, ಹಿನ್ನೀರುಗಳೇ ಆಸರೆ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುವ ದಂಡೆ ಆರಿಸಿಕೊಳ್ಳಿ. ಹಕ್ಕಿಗಳ ಹತ್ತಿರ ನಡೆದು ಹೋಗಬೇಡಿ, ಡ್ರೋನ್ ಹಾರಿಸಲೇಬೇಡಿ.

ಈ ಹಿನ್ನೀರಿನ ತಳದಲ್ಲಿ ಹಳ್ಳಿಗಳಿವೆ, ಹಳೇ ಬಾಗಲಕೋಟೆಯ ಓಣಿಗಳಿವೆ. ನವನಗರ ಹುಟ್ಟಿದ್ದೇ ಮುಳುಗಡೆಯಿಂದ. ಬಾಗಲಕೋಟೆಯಲ್ಲಿ ಉಳಿದುಕೊಂಡ ರಾತ್ರಿ ಅಲ್ಲಿನ ಹಿರಿಯರ ಜೊತೆ ಸ್ವಲ್ಪ ಮಾತಾಡಿ. ಕಾಡಿನಿಂದ ಎದ್ದು ಬರುವವರ ಸಂಕಟ ಮುಂದೆ ನಿಮಗೆ ಬೇಗ ಅರ್ಥವಾಗುತ್ತದೆ.

ಎರಡನೇ ದಿನ: ಯಡಹಳ್ಳಿ, ಮುಧೋಳ, ಘಟಪ್ರಭಾ

ಈ ದಿನ ಬೆಳಕು ಹರಿಯುವ ಮೊದಲೇ ಬೀಳಗಿ ಕಡೆ ಹೊರಡಿ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ನಡುವಿನ ಒಣ ಗುಡ್ಡಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇದೆ. ವಿಸ್ತಾರ ಸುಮಾರು 96 ಚದರ ಕಿಲೋಮೀಟರ್. ಘೋಷಣೆಯಾಗಿದ್ದು 2010ರ ದಶಕದಲ್ಲಿ. ಚಿಂಕಾರಕ್ಕಾಗಿಯೇ ರಾಜ್ಯದಲ್ಲಿ ಮೀಸಲಾದ ಮೊದಲ ಧಾಮ ಇದು.

ಚಿಂಕಾರ ನಮ್ಮ ದೇಶದ ಗೆಜೆಲ್ ಜಾತಿಯ ಹುಲ್ಲೆ. ಥಾರ್ ಮರುಭೂಮಿಯಲ್ಲಿ ಜಾಸ್ತಿ, ದಖ್ಖನ್ನಿನಲ್ಲಿ ಅಲ್ಲಲ್ಲಿ ಮಾತ್ರ. ಎತ್ತರ ಎರಡು ಅಡಿ ಚಿಲ್ಲರೆ, ತೂಕ ಇಪ್ಪತ್ತು ಕಿಲೋ ಆಸುಪಾಸು. ಗಂಡಿಗೆ ಉಂಗುರ ಮೂಡಿದ ನೆಟ್ಟನೆಯ ಕೊಂಬು, ಹೆಣ್ಣಿಗೂ ಸಣ್ಣ ಕೊಂಬಿರುತ್ತದೆ. ಬಹಳ ದಿನ ನೀರು ಕುಡಿಯದೇ ಎಲೆ, ಇಬ್ಬನಿಯ ತೇವದಲ್ಲೇ ಬದುಕಬಲ್ಲದು. ಕೃಷ್ಣಮೃಗದಂತೆ ದೊಡ್ಡ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ, ಇಲ್ಲವೇ ಎರಡು ಮೂರು ಒಟ್ಟಿಗೆ. ಮೈಬಣ್ಣ ಕಲ್ಲಿನ ಬಣ್ಣಕ್ಕೆ ಬೆರೆತುಹೋಗುತ್ತದೆ. ಹಾಗಾಗಿ ಹುಡುಕುವ ವಿಧಾನ ಬೇರೆ. ನಡೆಯಬೇಡಿ. ಎತ್ತರದ ಒಂದು ಕಡೆ ಕುಳಿತು, ಎದುರಿನ ಇಳಿಜಾರನ್ನು ಎಡದಿಂದ ಬಲಕ್ಕೆ ಬೈನಾಕ್ಯುಲರಿನಲ್ಲಿ ನಿಧಾನವಾಗಿ ನೋಡಿ. ಬಾಲ ಅಲ್ಲಾಡುವುದು ಮೊದಲು ಕಾಣುತ್ತದೆ. ಎಂಟೂವರೆಯ ಮೇಲೆ ಅವು ನೆರಳಿಗೆ ಸರಿಯುತ್ತವೆ. ಇದೇ ಗುಡ್ಡಗಳಲ್ಲಿ ತೋಳ, ಕತ್ತೆಕಿರುಬ, ನರಿಗಳೂ ಇವೆ.

ಇಲ್ಲಿ ಸಂರಕ್ಷಣೆ ಅಂದ್ರೆ ಏನು ಅನ್ನುವುದು ಸ್ವಲ್ಪ ಬೇರೆ ಪ್ರಶ್ನೆ. ಬ್ರಿಟಿಷರ ಕಂದಾಯದ ಲೆಕ್ಕದಲ್ಲಿ ತೆರಿಗೆ ಹುಟ್ಟದ ನೆಲವೆಲ್ಲ ಪಾಳು. ಆ ಹೆಸರು ಇವತ್ತಿಗೂ ಹೋಗಿಲ್ಲ. ಪಾಳು ಅಂದ ಮೇಲೆ ಗಿಡ ನೆಡಬೇಕು ಅನಿಸುತ್ತದೆ. ಒಳ್ಳೇ ಮನಸ್ಸಿನಿಂದಲೇ ನೀಲಗಿರಿ, ಅಕೇಶಿಯಾ ನೆಟ್ಟು ಹುಲ್ಲುಗಾವಲನ್ನು ಮುಚ್ಚಿದ ಉದಾಹರಣೆ ಬಯಲುಸೀಮೆಯ ತುಂಬ ಸಿಗುತ್ತವೆ. ಚಿಂಕಾರಕ್ಕೆ ಬೇಕಿರುವುದು ದಟ್ಟ ನೆರಳಲ್ಲ. ದೂರದತನಕ ಕಣ್ಣು ಹಾಯುವ ಬಯಲು, ಜಾಲಿ, ಬಾರಿಯಂಥ ಕುರುಚಲು ಗಿಡ, ಹುಲ್ಲು, ಬೀದಿನಾಯಿಗಳ ಕಾಟ ಇಲ್ಲದ ನೆಲ. ಅದನ್ನು ಇದ್ದ ಹಾಗೇ ಬಿಡುವುದೂ ಸಂರಕ್ಷಣೆಯೇ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಒಂದು ವಿಷಯವನ್ನು ಅಲ್ಲೇ ನಿಂತು ಹೇಳಿಕೊಡಿ.

ಹತ್ತಿರದಲ್ಲೇ ಹಲಗಲಿ ಇದೆ. 1857ರಲ್ಲಿ ಬ್ರಿಟಿಷರು ಜನರ ಆಯುಧ ಕಸಿಯುವ ಕಾನೂನು ತಂದಾಗ ತಿರುಗಿಬಿದ್ದ ಬೇಡರ ಊರು. ಬೇಟೆಯಿಂದ ಬದುಕಿದವರಿಗೆ ಆಯುಧ ಅಂದ್ರೆ ಅನ್ನ ಮತ್ತು ಮಾನ. ಅದೇ ಕಾಲದಲ್ಲಿ ಬ್ರಿಟಿಷ್ ಅಧಿಕಾರಿಗಳಿಗೆ, ಸಂಸ್ಥಾನಿಕರಿಗೆ ಬೇಟೆ ಒಂದು ವಿನೋದ. ಕಾಡಿನ ಕಾನೂನುಗಳ ಕಥೆಯನ್ನು ಓದುವಾಗ ಹಲಗಲಿಯನ್ನು ಬಿಡಬಾರದು.

ಮುಧೋಳದಲ್ಲಿ ಚಹಾಕ್ಕೆ ನಿಲ್ಲಿ. ಮುಧೋಳ ನಾಯಿ ಈ ನೆಲದ ಬೇಟೆ ನಾಯಿ. ಘೋರ್ಪಡೆ ಅರಸರು ತಳಿಯನ್ನು ಬೆಳೆಸಿದರು. ಮೊಲ, ಹುಲ್ಲೆಗಳನ್ನು ಅಟ್ಟಿಸಿಕೊಂಡು ಓಡಲೆಂದೇ ಅದರ ಉದ್ದ ಕಾಲು, ಕಿರಿದಾದ ಹೊಟ್ಟೆ. ಇಂದು ಅದೇ ನಾಯಿ ಸೇನೆಯ ತರಬೇತಿಗೆ ಹೋಗಿದೆ, ತಿಮ್ಮಾಪುರದಲ್ಲಿ ತಳಿ ಸಂವರ್ಧನೆ ನಡೆಯುತ್ತದೆ.

ಮಧ್ಯಾಹ್ನ ಗೋಕಾಕ ಕಡೆ ಸಾಗಿ, ಸಂಜೆ ನಾಲ್ಕಕ್ಕೆ ಧೂಪದಾಳ ತಲುಪಿ. ಘಟಪ್ರಭಾ ಪಕ್ಷಿಧಾಮ ಇರುವುದು ಇಲ್ಲಿ, ಬ್ರಿಟಿಷರ ಕಾಲದ ಬಾಂದಾರದ ಹಿನ್ನೀರಿನಲ್ಲಿ. 1974ರಲ್ಲಿ ಘೋಷಣೆಯಾಯಿತು, ವಿಸ್ತಾರ 29.78 ಚದರ ಕಿಲೋಮೀಟರ್. ನೀರಾವರಿಗೆ ಕಟ್ಟಿದ ಗೋಡೆ ಹಕ್ಕಿಗಳಿಗೆ ಮನೆಯಾದದ್ದು ಯಾರೂ ಯೋಜಿಸಿದ್ದಲ್ಲ. ನಡುಗಡ್ಡೆಯ ಮರಗಳಲ್ಲಿ ಕೊಕ್ಕರೆ, ನೀರುಕಾಗೆ, ಕೆಂಬರಲುಗಳ ಗದ್ದಲ ಇರುತ್ತದೆ. ಚಳಿಗಾಲದಲ್ಲಿ ಡೆಮೊಸೆಲ್ ಕ್ರೇನ್, ಯುರೋಪಿನ ಬಿಳಿ ಕೊಕ್ಕರೆಯಂಥ ದೂರದ ಅತಿಥಿಗಳೂ ಬರುತ್ತವೆ. ಗೋಕಾಕ ಜಲಪಾತ ಚಳಿಗಾಲದಲ್ಲಿ ಸೊರಗಿರುತ್ತದೆ, ಸಮಯವಿಲ್ಲದಿದ್ದರೆ ಬಿಡಿ. ರಾತ್ರಿಗೆ ಬೆಳಗಾವಿ. ಕುಂದಾ ಕಟ್ಟಿಸಿಕೊಳ್ಳಿ, ಮುಂದೆ ಒಳ್ಳೇ ಸಿಹಿ ಅಂಗಡಿ ಇಲ್ಲ.

ಮೂರನೇ ದಿನ: ಕಣಕುಂಬಿ, ಭೀಮಗಡ

ಬೆಳಗಾವಿಯಿಂದ ಜಾಂಬೋಟಿ ರಸ್ತೆ ಹಿಡಿಯಿರಿ. ಊರು ದಾಟಿ ಅರ್ಧ ಗಂಟೆಗೆಲ್ಲ ಗಾಳಿಯ ವಾಸನೆ ಬದಲಾಗುತ್ತದೆ. ಜಾಂಬೋಟಿ ದಾಟಿ ಕಣಕುಂಬಿಗೆ ಹೋಗಿ. ಮಲಪ್ರಭೆ ಹುಟ್ಟುವುದು ಇಲ್ಲಿ. ಸವದತ್ತಿಯ ನವಿಲುತೀರ್ಥ, ನರಗುಂದ, ನವಲಗುಂದದ ಕಾಲುವೆ, ಬಾದಾಮಿ, ಪಟ್ಟದಕಲ್ಲಿನ ದಂಡೆ, ಕೊನೆಗೆ ಕೂಡಲಸಂಗಮ, ಎಲ್ಲದರ ಮೊದಲ ನೀರು ಇದು. ಮೊನ್ನೆ ಮುಂಜಾನೆ ನೀವು ಕೃಷ್ಣೆಯ ದಂಡೆಯಲ್ಲಿ ನಿಂತಿದ್ದಿರಿ, ಅಲ್ವಾ? ನೀರಿನ ಲೆಕ್ಕ ಇಲ್ಲಿ ಕೂಡುತ್ತದೆ.

ಇಲ್ಲೇ ಹತ್ತಿರದ ದೇಗಾವಿನ ಕಾಡಿನಲ್ಲಿ ಮಹದಾಯಿ ಹುಟ್ಟಿ ಪಶ್ಚಿಮಕ್ಕೆ ಗೋವಾಕ್ಕೆ ಹರಿಯುತ್ತಾಳೆ. ಅದೇ ಗುಡ್ಡಸಾಲು, ಒಂದು ಕಡೆಯ ನೀರು ಬಂಗಾಳ ಕೊಲ್ಲಿಗೆ, ಇನ್ನೊಂದು ಕಡೆಯದು ಅರಬ್ಬಿ ಸಮುದ್ರಕ್ಕೆ. ಕಳಸಾ, ಬಂಡೂರಿ ನಾಲೆಗಳ ವಿವಾದ ಹುಟ್ಟಿದ ಜಾಗ ಇದೇ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟು ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72 ಟಿಎಂಸಿ, ಬಂಡೂರಿಯಿಂದ 2.18 ಟಿಎಂಸಿ ನೀರು ಹಂಚಿತು. ಬಯಲಿನವರ ಬಾಯಾರಿಕೆ ಸುಳ್ಳಲ್ಲ, ನರಗುಂದದ ರೈತರು ಬೀದಿಯಲ್ಲಿ ಕುಳಿತದ್ದು ಸುಮ್ಮನೆ ಅಲ್ಲ. ಈ ಕಾಡು ಒಣಗಿದರೆ ಮಲಪ್ರಭೆಯೂ ಉಳಿಯುವುದಿಲ್ಲ ಅನ್ನುವುದೂ ಅಷ್ಟೇ ನಿಜ. ನಾಲೆಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಒಂದು ಸಲ ಇಲ್ಲಿ ನಿಂತು ಎರಡೂ ಇಳಿಜಾರನ್ನು ನೋಡಿ ಆಮೇಲೆ ಮಾತಾಡಬೇಕು.

ಕಣಕುಂಬಿಯಿಂದ ಮುಂದೆ ಚೋರ್ಲಾ ದಾಟಿದರೆ ಗೋವಾದ ಮಹದಾಯಿ ವನ್ಯಜೀವಿಧಾಮ. 1999ರಲ್ಲಿ ಘೋಷಣೆಯಾದದ್ದು. 2020ರ ಜನವರಿಯಲ್ಲಿ ಅಲ್ಲಿ ತಾಯಿ, ಮರಿ ಸೇರಿ ನಾಲ್ಕು ಹುಲಿಗಳು ವಿಷಕ್ಕೆ ಸತ್ತು ಸಿಕ್ಕವು. ದನ ಕಳೆದುಕೊಂಡವರ ಸಿಟ್ಟು ಅದರ ಹಿಂದಿತ್ತು. ಆ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸುವಂತೆ ಬಾಂಬೆ ಹೈಕೋರ್ಟಿನ ಗೋವಾ ಪೀಠ 2023ರ ಜುಲೈನಲ್ಲಿ ಹೇಳಿತು. ಗೋವಾ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ದನ ಸತ್ತರೆ ಪರಿಹಾರ ತಡವಾಗದೆ ಕೈಗೆ ಸಿಕ್ಕರೆ ವಿಷ ಇಡುವವರು ಕಡಿಮೆಯಾಗುತ್ತಾರೆ. ಹುಲಿ ಉಳಿಸುವ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ನನಗೆ ಹೆಚ್ಚೇನೂ ಕಾಣುವುದಿಲ್ಲ.

ನೀವು ಘಟ್ಟ ಇಳಿಯಬೇಡಿ. ವಾಪಸ್ ಜಾಂಬೋಟಿಗೆ ಬಂದು ಖಾನಾಪುರ, ಅಲ್ಲಿಂದ ಹೆಮ್ಮಡಗಾ. ಭೀಮಗಡ ವನ್ಯಜೀವಿಧಾಮ 2011ರ ಡಿಸೆಂಬರ್‌ನಲ್ಲಿ ಘೋಷಣೆಯಾಯಿತು, 190.42 ಚದರ ಕಿಲೋಮೀಟರ್. ಹೆಸರು ಶಿವಾಜಿಯ ಕಾಲದ ಭೀಮಗಡ ಕೋಟೆಯಿಂದ ಬಂದದ್ದು. ಆದರೆ ಈ ಕಾಡಿನ ಹೆಸರು ಜೀವವಿಜ್ಞಾನದಲ್ಲಿ ನಿಂತಿರುವುದು ಒಂದು ಬಾವಲಿಯಿಂದ.

ತಳೇವಾಡಿ ಹತ್ತಿರದ ಬಾರಾಪೇಡೆ ಗವಿಗಳಲ್ಲಿ ರಾಟನ್ ಬಾವಲಿ ಇದೆ. 1913ರಲ್ಲಿ ವಿಜ್ಞಾನಿ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ಜಗತ್ತಿಗೆ ಪರಿಚಯಿಸಿದರು. ಹೆಸರು ಆರ್.ಸಿ. ರಾಟನ್ ಅವರದು. ಅವರು ಮುಂಬೈ ಪ್ರಾಂತ್ಯದ ಅರಣ್ಯಾಧಿಕಾರಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆಯ ಹಿಂದಿನ ಶಕ್ತಿ. ದೊಡ್ಡ ಕಿವಿ, ಕಪ್ಪು ಕಂದು ಮೈ, ಹೆಗಲ ಮೇಲೆ ತಿಳಿಬಣ್ಣದ ಪಟ್ಟಿ. ಎಷ್ಟೋ ವರ್ಷ ಇಡೀ ಜಗತ್ತಿನಲ್ಲಿ ಇದರ ನೆಲೆ ಅಂತ ಗೊತ್ತಿದ್ದದ್ದು ಈ ಗವಿಗಳು ಮಾತ್ರ. ಆಮೇಲೆ ಕಾಂಬೋಡಿಯ, ಮೇಘಾಲಯಗಳಲ್ಲೂ ಸಿಕ್ಕಿತು. ಗವಿಯೊಳಗೆ ಹೋಗುವ ಆಸೆ ಬೇಡ. ಮನುಷ್ಯರ ಬೆಳಕು, ಸದ್ದು, ಹೊಗೆ ತಾಗಿದರೆ ಬಾವಲಿಗಳು ನೆಲೆಯನ್ನೇ ಬಿಟ್ಟು ಹೋಗಬಹುದು. ಯಾರಾದರೂ ದುಡ್ಡು ಕೊಟ್ಟರೆ ತೋರಿಸುತ್ತೇನೆ ಅಂದರೂ ಒಪ್ಪಬೇಡಿ. ಹೆಮ್ಮಡಗಾದಲ್ಲಿ ಸಂಜೆ ಆಕಾಶ ನೋಡಿದರೆ ಬೇರೆ ಜಾತಿಯ ಬಾವಲಿಗಳು ಹೇಗೂ ಕಾಣುತ್ತವೆ.

ಭೀಮಗಡದೊಳಗೆ ಗವಳಿ, ತಳೇವಾಡಿ, ಅಮಗಾಂವ್, ಕೃಷ್ಣಾಪುರ ಮುಂತಾದ ಹಳ್ಳಿಗಳಿವೆ. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ರೋಗಿಯನ್ನು ಹೊತ್ತುಕೊಂಡೇ ಬರಬೇಕಾದ ಸ್ಥಿತಿ. ಇತ್ತೀಚೆಗೆ ತಳೇವಾಡಿಯ ಕುಟುಂಬಗಳು ಪರಿಹಾರ ಪಡೆದು ಹೊರಬರಲು ಒಪ್ಪಿದವು. ಬೇರೆ ಹಳ್ಳಿಗಳಲ್ಲಿ ಬರುವುದಿಲ್ಲ ಎನ್ನುವವರೂ ಇದ್ದಾರೆ. ಇಬ್ಬರ ಮಾತನ್ನೂ ಕೇಳಿ. ತಲೆಮಾರುಗಳಿಂದ ಕಾಡಿನ ಜೊತೆ ಬದುಕಿದವರನ್ನು ಅತಿಕ್ರಮಣದಾರರು ಅಂತ ಕರೆಯುವುದು ಅನ್ಯಾಯ. ಹೊರಬರಲು ಬಯಸುವವರಿಗೆ ಒಳ್ಳೇ ಜಮೀನು, ಶಾಲೆ, ಆಸ್ಪತ್ರೆ ಹತ್ತಿರವಿರುವ ಜಾಗ ಸಿಗಲೇಬೇಕು.

ಅಭಯಾರಣ್ಯದ ರಸ್ತೆಗಳಲ್ಲಿ ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ. ಕಾಟಿ, ಅಂದ್ರೆ ಕಾಡುಕೋಣ, ರಸ್ತೆ ಮಧ್ಯೆ ನಿಂತಿದ್ದರೆ ಹೆಡ್‌ಲೈಟಿಗೂ ಸರಿಯಾಗಿ ಕಾಣುವುದಿಲ್ಲ. ಆನೆಗಳೂ ಖಾನಾಪುರದ ಕಾಡಿಗೆ ಬರುತ್ತವೆ.

ನಾಲ್ಕನೇ ದಿನ: ನಂದಗಡ ಹಾದು ದಾಂಡೇಲಿ

ಖಾನಾಪುರಕ್ಕೆ ಬಂದು ನಂದಗಡ, ಹಳಿಯಾಳ ಮಾರ್ಗ ಹಿಡಿಯಿರಿ. ನಂದಗಡದಲ್ಲಿ ಗಾಡಿ ನಿಲ್ಲಿಸಲೇಬೇಕು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನೆಲ. ಅವನ ಗೆರಿಲ್ಲಾ ಪಡೆಗೆ ಆಸರೆ ಕೊಟ್ಟದ್ದು ಈ ಸುತ್ತಿನ ಕಾಡುಗಳೇ.

ಅದಾದ ಕೆಲವೇ ವರ್ಷಕ್ಕೆ ಬ್ರಿಟಿಷರ ಕಣ್ಣು ಇಲ್ಲಿನ ತೇಗದ ಮೇಲೆ ಗಟ್ಟಿಯಾಗಿ ಬಿತ್ತು. ಹಡಗಿಗೆ ತೇಗ ಬೇಕು, ಆಮೇಲೆ ರೈಲಿನ ಸ್ಲೀಪರಿಗೂ ಬೇಕು. 1847ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದರು. ಕಾಡು ಕಡಿದರೆ ಮಳೆ, ಹಳ್ಳ ಒಣಗುತ್ತವೆ ಎಂದು ಆ ಕಾಲದಲ್ಲೇ ಎಚ್ಚರಿಸಿದವರಲ್ಲಿ ಅವರೂ ಒಬ್ಬರು. 1865 ಮತ್ತು 1878ರ ಅರಣ್ಯ ಕಾಯ್ದೆಗಳು ಬಂದು ಕಾಡು ಸರ್ಕಾರದ ಆಸ್ತಿಯಾಯಿತು. ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತ ಬೆಳೆಯುವ ಕುಮರಿ ಬೇಸಾಯದವರು, ದನ ಸಾಕುವ ಗೌಳಿಗರು, ಕಾಡಿನಲ್ಲೇ ನೆಲೆಸಿದ ಕುಣಬಿ ಸಮುದಾಯದವರು ತಮ್ಮ ಕಾಡಿನಲ್ಲೇ ಪರವಾನಗಿ ಕೇಳುವವರಾದರು. ಮರಕ್ಕಾಗಿ ಕಾಡು ಉಳಿಸುವುದು, ಪ್ರಾಣಿಗಾಗಿ ಉಳಿಸುವುದು, ನೀರಿಗಾಗಿ ಉಳಿಸುವುದು ಬೇರೆ ಬೇರೆ ಗುರಿಗಳು. ಈ ಮೂರರ ಗುರುತೂ ದಾಂಡೇಲಿಯಲ್ಲಿ ಒಟ್ಟಿಗೆ ಸಿಗುತ್ತವೆ.

ದಾಂಡೇಲಿ ವನ್ಯಜೀವಿಧಾಮ ಘೋಷಣೆಯಾಗಿದ್ದು 1956ರ ಮೇ ತಿಂಗಳಲ್ಲಿ, ಕರ್ನಾಟಕದ ಏಕೀಕರಣಕ್ಕೆ ಆರು ತಿಂಗಳ ಮೊದಲು. ಆಗ ಈ ನೆಲವೂ, ನಮ್ಮ ಬೆಳಗಾವಿ, ವಿಜಯಪುರಗಳೂ ಮುಂಬೈ ರಾಜ್ಯದಲ್ಲಿದ್ದವು. ಅದೇ ದಶಕದಲ್ಲಿ ಕಾಗದ ಕಾರ್ಖಾನೆ ಬಂತು, ಬಿದಿರು ಲಾರಿಗಟ್ಟಲೆ ಹೋಯಿತು. ಮ್ಯಾಂಗನೀಸ್ ಗಣಿ ನಡೆದವು. ಕಾಳಿ ನದಿಗೆ ಅಣೆಕಟ್ಟುಗಳು ಎದ್ದವು. ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಅದರ ಹಿನ್ನೀರಿನಲ್ಲಿ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿತು. ತಾಲ್ಲೂಕು ಜೋಯಿಡಾ ಆಯಿತು, ಎದ್ದು ಬಂದವರಿಗೆ ರಾಮನಗರ ಕಟ್ಟಲಾಯಿತು. ಮನೆಯಲ್ಲಿ ಸ್ವಿಚ್ ಒತ್ತುವ ನಮಗೆ ಈ ಊರಿನ ಹೆಸರಾದರೂ ಗೊತ್ತಿರಬೇಕು.

ಮಧ್ಯಾಹ್ನ ದಾಂಡೇಲಿ ತಲುಪಿ, ಸಂಜೆ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳಿಗೆ ಮೀಸಲಿಡಿ. ಇಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ: ದೊಡ್ಡ ಮಂಗಟ್ಟೆ, ಮಲಬಾರ್ ಕಪ್ಪುಬಿಳಿ ಮಂಗಟ್ಟೆ, ಮಲಬಾರ್ ಬೂದು ಮಂಗಟ್ಟೆ, ಸಾಮಾನ್ಯ ಬೂದು ಮಂಗಟ್ಟೆ. 2011ರಲ್ಲಿ ದಾಂಡೇಲಿ ಸುತ್ತಿನ 52.50 ಚದರ ಕಿಲೋಮೀಟರ್ ಕಾಡನ್ನು ಮಂಗಟ್ಟೆಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಹೆಣ್ಣು ಹಕ್ಕಿ ಹಳೇ ಮರದ ಪೊಟರೆಯೊಳಗೆ ಕುಳಿತು ಪೊಟರೆಯ ಬಾಯನ್ನು ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಬಿಡುತ್ತದೆ. ಗಂಡು ವಾರಗಟ್ಟಲೆ ಹಣ್ಣು ತಂದು ಕೊಡುತ್ತದೆ. ಅದಕ್ಕೇ ಹೇಳುವುದು, ಒಂದು ಮುದಿ ಮರ ಕಡಿದು ಹತ್ತು ಸಸಿ ನೆಟ್ಟರೆ ಸಮ ಆಗುವುದಿಲ್ಲ ಅಂತ. ಗೂಡಿನ ಹತ್ತಿರ ಗುಂಪುಗೂಡಬೇಡಿ. ಜನ ಹತ್ತಿರವಿದ್ದರೆ ಗಂಡು ಗೂಡಿಗೆ ಬರುವುದೇ ಇಲ್ಲ, ಒಳಗಿದ್ದವು ಹಸಿದಿರುತ್ತವೆ.

ಐದನೇ ದಿನ: ಕಾಳಿ ಕಾಡು, ಉಳವಿ, ಅಣಶಿ

ಬೆಳಗಿನ ಸಫಾರಿ ಫಣಸೋಲಿ ಕಡೆಯಿಂದ. ಬೇಗ ಎದ್ದು ಹೋಗಿ. ಇಲ್ಲಿ ಬಂಡೀಪುರದಂತೆ ರಸ್ತೆ ಬದಿಯಲ್ಲೇ ಹಿಂಡು ಹಿಂಡು ಜಿಂಕೆ ಕಾಣುವುದಿಲ್ಲ. ಕಾಡು ದಟ್ಟ, ಪ್ರಾಣಿಗಳಿಗೆ ಸಂಕೋಚ ಜಾಸ್ತಿ. ಕಾಟಿ, ಕಡವೆ, ಕಾಡುಕುರಿ, ಕೆಂದಳಿಲು ಕಾಣಬಹುದು. ಕರಿಚಿರತೆಗೂ ಈ ಕಾಡು ಹೆಸರುವಾಸಿ. ಕಿವಿಯಿಂದ ನೋಡಿ ಅನ್ನುವುದು ನನ್ನ ಸಲಹೆ: ಕಡವೆಯ ಎಚ್ಚರಿಕೆ ಕೂಗು, ಮಂಗನ ಕೆಮ್ಮು ಕೇಳಿದರೆ ಚಾಲಕನಿಗೆ ಎಂಜಿನ್ ನಿಲ್ಲಿಸಲು ಹೇಳಿ ಕಾಯಿರಿ. ಹುಲಿ ತೋರಿಸಲೇಬೇಕು ಅಂತ ಚಾಲಕನ ಬೆನ್ನು ಹತ್ತಬೇಡಿ.

ಸಫಾರಿ ಮುಗಿಸಿ ಜೋಯಿಡಾ, ಕುಂಬಾರವಾಡ ಮಾರ್ಗವಾಗಿ ಅಣಶಿ ಕಡೆ. ದಾರಿಯಲ್ಲಿ ಉಳವಿಗೆ ತಿರುಗಿ. ಚನ್ನಬಸವಣ್ಣನ ಸಮಾಧಿ ಇರುವ ಊರು. ಭಾರತ ಹುಣ್ಣಿಮೆಯ ಜಾತ್ರೆಗೆ ನಮ್ಮ ಜಿಲ್ಲೆಗಳಿಂದ ಚಕ್ಕಡಿ ಹೂಡಿಕೊಂಡು ಇಲ್ಲಿಗೆ ಬರುವುದು ಇವತ್ತಿಗೂ ನಿಂತಿಲ್ಲ. ಅಂದರೆ ಬಯಲಿನವರಿಗೆ ಈ ಕಾಡಿನ ದಾರಿ ಹೊಸದೇನಲ್ಲ. ಅಂದಿನ ಚಕ್ಕಡಿಗಳಲ್ಲಿ ಪ್ಲಾಸ್ಟಿಕ್ ಇರಲಿಲ್ಲ. ಜಾತ್ರೆಗೆ ಹೋಗುವ ನಮ್ಮೂರಿನ ಗುಂಪುಗಳು ತಂದ ಕಸವನ್ನು ವಾಪಸ್ ಒಯ್ಯುವ ಪದ್ಧತಿ ಮಾಡಿಕೊಂಡರೆ ಈ ಕಾಡಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಇಲ್ಲ.

ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಈಗ ಸುಮಾರು 340 ಚದರ ಕಿಲೋಮೀಟರ್. 2007ರಲ್ಲಿ ದಾಂಡೇಲಿಯನ್ನೂ ಅಣಶಿಯನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ನದಿಯ ಹೆಸರಿಟ್ಟದ್ದು ಬಹಳ ಸರಿ, ಡಿಗ್ಗಿಯಲ್ಲಿ ಹುಟ್ಟುವ ಕಾಳಿಯನ್ನು ಕಾಯುವುದು ಈ ಕಾಡೇ. ದಾಂಡೇಲಿಯ ತೇಗ, ಬಿದಿರಿನ ಕಾಡಿಗೂ ಅಣಶಿಯ ನಿತ್ಯಹಸಿರಿಗೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬಿಸಿಲು ನೆಲ ಮುಟ್ಟುವುದಿಲ್ಲ. ಕಾಳಿಂಗ ಸರ್ಪದ ನೆಲೆ ಇದು. ಹಾವಿಗೆ ದಾರಿ ಬಿಟ್ಟು ದೂರ ನಿಂತರೆ ಅದು ತನ್ನ ಪಾಡಿಗೆ ಹೋಗುತ್ತದೆ.

ರಾತ್ರಿ ಅಣಶಿಯ ಪ್ರಕೃತಿ ಶಿಬಿರದಲ್ಲಿ ಅಥವಾ ಜೋಯಿಡಾ ಸುತ್ತಿನ ಹೋಮ್‌ಸ್ಟೇಯಲ್ಲಿ ಉಳಿಯಿರಿ. ಹೋಮ್‌ಸ್ಟೇ ಆದರೆ ಸ್ಥಳೀಯರೇ ನಡೆಸುವುದನ್ನು ಹುಡುಕಿ. ಜೋಯಿಡಾದ ಕುಣಬಿಗಳು ಗೆಡ್ಡೆ ಗೆಣಸಿನ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಚಳಿಗಾಲದಲ್ಲಿ ಗೆಡ್ಡೆ ಗೆಣಸಿನ ಮೇಳವೂ ನಡೆಯುತ್ತದೆ. ಮನೆಯ ಅಡುಗೆ ಕೇಳಿ ಮಾಡಿಸಿಕೊಳ್ಳಿ. ಕಾಡು ಉಳಿದರೆ ತಮಗೂ ನಾಲ್ಕು ಕಾಸು ಬರುತ್ತದೆ ಅನ್ನುವುದು ಅಲ್ಲಿನ ಯುವಕರಿಗೆ ಗೊತ್ತಾಗಬೇಕಾದರೆ ನಮ್ಮ ದುಡ್ಡು ದೊಡ್ಡ ರೆಸಾರ್ಟಿಗೆ ಮಾತ್ರ ಹೋಗಬಾರದು.

ಆರನೇ ದಿನ: ಅನ್ಮೋಡ, ಮೊಲ್ಲೆಂ, ವಾಪಸ್ ಬೆಳಗಾವಿ

ಜೋಯಿಡಾದಿಂದ ರಾಮನಗರ, ಅಲ್ಲಿಂದ ಅನ್ಮೋಡ ಘಟ್ಟ ಇಳಿದರೆ ಗೋವಾದ ಮೊಲ್ಲೆಂ. ಗೋವಾದ ಈ ಕಾಡು 1969ರಲ್ಲಿ ಬೇಟೆ ನಿಷೇಧದ ಧಾಮವಾಗಿ, ಆಮೇಲೆ ಭಗವಾನ್ ಮಹಾವೀರ ಅಭಯಾರಣ್ಯವಾಯಿತು. 240 ಚದರ ಕಿಲೋಮೀಟರಿನ ಅದರ ನಡುವಿನ 107 ಚದರ ಕಿಲೋಮೀಟರ್ 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಗೋವಾ ಅಂದ್ರೆ ಬೀಚು ಅಂದುಕೊಂಡವರಿಗೆ ಇದು ಬೇರೆಯೇ ನೆಲ.

ಇಲ್ಲಿನ ಇತ್ತೀಚಿನ ಕಥೆ ತಿಳಿಯಲೇಬೇಕು. ಪೋರ್ಚುಗೀಸರ ಕಾಲದಲ್ಲಿ, 1880ರ ದಶಕದಲ್ಲಿ, ಮಾರ್ಮಗೋವಾದಿಂದ ಘಟ್ಟ ಹತ್ತಿ ಬ್ರಿಟಿಷರ ಗಡಿಯ ಕ್ಯಾಸಲ್ ರಾಕ್‌ಗೆ ರೈಲು ಬಂತು. ಆ ಹಳಿಯನ್ನು ಜೋಡಿ ಮಾಡುವುದು, ಹೆದ್ದಾರಿ ಅಗಲ ಮಾಡುವುದು, ವಿದ್ಯುತ್ ಲೈನು ಎಳೆಯುವುದು ಎಂಬ ಮೂರು ಯೋಜನೆಗಳ ವಿರುದ್ಧ 2020ರಲ್ಲಿ ಗೋವಾದ ವಿದ್ಯಾರ್ಥಿಗಳು, ವಿಜ್ಞಾನಿಗಳು, ಕಲಾವಿದರು ಒಟ್ಟಾದರು. 2022ರಲ್ಲಿ ಸುಪ್ರೀಂ ಕೋರ್ಟ್ ವಿದ್ಯುತ್ ಲೈನನ್ನು ಈಗಿರುವ ಮಾರ್ಗದಲ್ಲೇ ಒಯ್ಯಿರಿ ಎಂದಿತು, ಜೋಡಿ ಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ಆ ಹಳಿಯ ಮೇಲಿನ ತುದಿ ಕರ್ನಾಟಕದಲ್ಲೇ ಇದೆ. ನಮ್ಮ ಕಡೆ ಇದರ ಬಗ್ಗೆ ಮಾತು ಕೇಳಿದ್ದೇ ಕಡಿಮೆ. ಕಾಳಿ, ಮೊಲ್ಲೆಂ, ಮಹದಾಯಿ, ಭೀಮಗಡ ಒಂದಕ್ಕೊಂದು ಅಂಟಿಕೊಂಡ ಕಾಡು. ಹುಲಿಗೆ ರಾಜ್ಯದ ಗಡಿ ಗೊತ್ತಿಲ್ಲ. ನಕ್ಷೆಯನ್ನು ಕೈಯಲ್ಲಿ ಹಿಡಿದು ನಾಲ್ಕನ್ನೂ ಒಂದೇ ಬಣ್ಣದಲ್ಲಿ ಗುರುತು ಮಾಡಿಕೊಳ್ಳಿ, ಎಲ್ಲಿ ಕಿರಿದಾಗುತ್ತದೆ ಅಂತ ಆಗ ತಿಳಿಯುತ್ತದೆ.

ದೂಧಸಾಗರ ಜಲಪಾತ ನೋಡುವ ಆಸೆಗೆ ರೈಲು ಹಳಿಯ ಮೇಲೆ ನಡೆಯಬೇಡಿ, ಅದು ನಿಷಿದ್ಧ, ಅಪಾಯವೂ ಹೌದು. ಕುಳೆಂ ಕಡೆಯ ಅಧಿಕೃತ ಜೀಪಿನಲ್ಲೇ ಹೋಗಿ, ಅದೂ ಸಮಯವಿದ್ದರೆ. ಇಲ್ಲದಿದ್ದರೆ ಮೊಲ್ಲೆಂನ ಮಾಹಿತಿ ಕೇಂದ್ರದಲ್ಲಿ ಒಂದು ಗಂಟೆ ಕಳೆದು ಹೊರಡಿ.

ವಾಪಸ್ ದಾರಿ ಅನ್ಮೋಡ, ರಾಮನಗರ, ಲೋಂಡಾ, ಖಾನಾಪುರ, ಬೆಳಗಾವಿ. ಘಟ್ಟದಲ್ಲಿ ಲಾರಿಗಳು ಜಾಸ್ತಿ, ತಿರುವಿನಲ್ಲಿ ಹಿಂದಿಕ್ಕಬೇಡಿ. ಮಧ್ಯಾಹ್ನ ಮೂರರ ಒಳಗೆ ಮೊಲ್ಲೆಂ ಬಿಟ್ಟರೆ ಬೆಳಕಿನಲ್ಲೇ ಕಾಡು ದಾಟುತ್ತೀರಿ. ವಿಜಯಪುರ, ಬಾಗಲಕೋಟೆಯವರು ಆ ರಾತ್ರಿ ಬೆಳಗಾವಿಯಲ್ಲೇ ಉಳಿದು ಮರುದಿನ ಹೊರಡುವುದು ಒಳ್ಳೆಯದು. ದಾರಿಯಲ್ಲಿ ಕಂಡ ಹಕ್ಕಿಗಳ ಪಟ್ಟಿಯನ್ನು ಜಾಗ, ದಿನಾಂಕ ಸಮೇತ ಇ-ಬರ್ಡ್ ತಾಣಕ್ಕೆ ಅವತ್ತೇ ಹಾಕಿಬಿಡಿ. ಚಿಂಕಾರದಂಥ ಅಪರೂಪದ ಪ್ರಾಣಿಯ ಸರಿಯಾದ ಜಾಗವನ್ನು ಮಾತ್ರ ಸಾಮಾಜಿಕ ಜಾಲತಾಣದಲ್ಲಿ ಬರೆಯಬೇಡಿ, ಬೇಟೆಗಾರರೂ ಅದನ್ನು ಓದುತ್ತಾರೆ. ಅರಣ್ಯ ಕಚೇರಿಗೆ ಹೇಳಿದರೆ ಸಾಕು.